ಇಷ್ಟು ಮೆಲ್ಲಗಿನ ಸಂಗೀತ ಯಾಕೆ ಕೇಳ್ತೀರಿ?

‘ಭಾಷೆ ಬರಲ್ಲ, ಅದೂ ಚರ್ಚಿನ ಹಾಡು, ಸರಿಯಾಗಿ ಕಿವಿಗೂ ಬೀಳಲ್ಲ. ಅದರಲ್ಲಿ ಏನು ಕೇಳ್ತೀರಿ?’ ನಮ್ಮ ಮನೆಯಲ್ಲಿ ವಾಲೆಂಟಿನ್ ಸಿಲ್ವೆಸ್ಟ್ರೊವ್ ಹಾಡುಗಳನ್ನು ಹಾಕಿದಾಗಲೆಲ್ಲ ಯಾರಾದರೂ ಹೀಗೆ ಕೇಳುತ್ತಾರೆ.

ಅವರು ಉಕ್ರೇನಿನ ಸಂಗೀತ ರಚನಕಾರರು, 1937ರಲ್ಲಿ ಕೀವ್‌ನಲ್ಲಿ ಹುಟ್ಟಿದರು. ಮೊದಮೊದಲು ಸೋವಿಯತ್ ಅಧಿಕಾರಿಗಳಿಗೆ ಹಿಡಿಸದ, ಒರಟು ನಾದದ ಸಂಗೀತ ಬರೆದರು. 1970ರ ದಶಕದಲ್ಲಿ ಸರಳವಾದ ಮಟ್ಟುಗಳ ಕಡೆಗೆ ತಿರುಗಿದರು. ತಾನು ಹೊಸದೇನೂ ಬರೆಯುವುದಿಲ್ಲ, ಇರುವುದಕ್ಕೇ ಮಾರುದನಿ ಕೊಡುತ್ತೇನೆ ಅನ್ನುತ್ತಾರೆ. ಇದು ವಿನಯದ ಮಾತು ಅಂದುಕೊಂಡಿದ್ದೆ. ಅಲ್ಲ, ಅವರು ಬರೆಯುವ ರೀತಿಯೇ ಅದು.

1996ರಲ್ಲಿ ಅವರ ಹೆಂಡತಿ ಲಾರಿಸಾ ಇದ್ದಕ್ಕಿದ್ದಂತೆ ತೀರಿಕೊಂಡರು. ಆಗ ಬರೆದ ‘ದೂತ’ ಎಂಬ ಕೃತಿ ಗಾಳಿಯ ಸದ್ದಿನಿಂದ ಶುರುವಾಗುತ್ತದೆ. ಆ ಗಾಳಿಯೊಳಗಿಂದ ಪಿಯಾನೋದಲ್ಲಿ ಒಂದು ಮಟ್ಟು ಬರುತ್ತದೆ, ಮೊಜಾರ್ಟ್‌ನದೇ ಅನ್ನಿಸುವಂಥದ್ದು. ಎಲ್ಲೋ ಕೇಳಿದ್ದೇನೆ ಅಂದುಕೊಳ್ಳುವಷ್ಟರಲ್ಲಿ ಕೈಗೆ ಸಿಗದೆ ಹೋಗುತ್ತದೆ. ತೀರಿಹೋದವರ ನೆನಪು ಬರುವುದೂ ಹೀಗೇ ಅಲ್ವಾ?

ಪ್ರಾರ್ಥನೆ ಹಾಡುಗಳನ್ನು ಅವರು ಜಾಸ್ತಿ ಬರೆದದ್ದು ಆಮೇಲೆ, ಅರವತ್ತು ದಾಟಿದ ಮೇಲೆ. ಅವರ ನಾಡಿನ ಆರ್ಥೊಡಾಕ್ಸ್ ಪಂಥದ ಚರ್ಚುಗಳ ಪ್ರಾರ್ಥನೆಯಲ್ಲಿ ವಾದ್ಯ ಇರುವುದಿಲ್ಲ, ಬರೀ ಮನುಷ್ಯರ ದನಿ. ಗಂಡಸರ ತಗ್ಗು ದನಿ ಕೆಳಗೆ ನಿಂತಿರುತ್ತದೆ. ನಮ್ಮ ಕಿವಿಗೆ ತಂಬೂರಿ ನೆನಪಾದರೂ ಇದು ಹಾಗೆ ಒಂದೇ ಕಡೆ ನಿಲ್ಲುವುದಿಲ್ಲ, ನಿಧಾನವಾಗಿ ಸರಿಯುತ್ತದೆ. ಒಬ್ಬರು ಹಾಡಿ ಬಿಟ್ಟ ಸ್ವರವನ್ನು ಇನ್ನೊಬ್ಬರು ಎತ್ತಿಕೊಂಡು ಹಿಡಿದಿರುತ್ತಾರೆ. ಮಾರುದನಿಯನ್ನೂ ಅವರು ಹಾಡುವವರಿಗೇ ಬರೆದುಕೊಟ್ಟಿದ್ದಾರೆ!

ಇಂಥ ಕೆಲವು ಹಾಡುಗಳನ್ನು ಕೀವ್ ಚೇಂಬರ್ ಕಾಯರ್ ಎಂಬ ಹಾಡುಗಾರರ ತಂಡ ರೆಕಾರ್ಡ್ ಮಾಡಿದ್ದು ಕೀವ್‌ನ ಸಂತ ಮಿಖಾಯಿಲ್ ಕೆಥೆಡ್ರಲ್‌ನಲ್ಲಿ. 1930ರ ದಶಕದಲ್ಲಿ ಸೋವಿಯತ್ ಸರ್ಕಾರ ಕೆಡವಿಹಾಕಿದ್ದ ಚರ್ಚು ಅದು; 1990ರ ದಶಕದಲ್ಲಿ ಮತ್ತೆ ಕಟ್ಟಿದರು. 2013ರ ಡಿಸೆಂಬರಿನಲ್ಲಿ ಆಗಿನ ಸರ್ಕಾರದ ವಿರುದ್ಧ ಕೀವ್‌ನ ‘ಮೈದಾನ್’ ಚೌಕದಲ್ಲಿ ಸೇರಿದ್ದ ಚಳವಳಿಗಾರರ ಮೇಲೆ ಪೊಲೀಸರು ನುಗ್ಗಿದ ರಾತ್ರಿ ಜನರನ್ನು ಕರೆಯಲು ಬಾರಿಸಿದ್ದು ಅಲ್ಲಿಯ ಗಂಟೆಗಳನ್ನೇ. 2014ರಲ್ಲಿ ಸಿಲ್ವೆಸ್ಟ್ರೊವ್ ‘ಉಕ್ರೇನಿಗಾಗಿ ಪ್ರಾರ್ಥನೆ’ ಬರೆದರು. ಅಷ್ಟೆಲ್ಲ ನಡೆದಿದ್ದರೂ ಅದರಲ್ಲಿ ಕೂಗಾಟ ಇಲ್ಲ, ತಾಯಿ ಮಗುವನ್ನು ಮಲಗಿಸುವಷ್ಟು ಮೆಲ್ಲಗಿದೆ. 2022ರಲ್ಲಿ ಯುದ್ಧ ಶುರುವಾದಾಗ 84ನೇ ವಯಸ್ಸಿನಲ್ಲಿ ಅವರು ಊರು ಬಿಟ್ಟು ಬರ್ಲಿನ್‌ಗೆ ಹೋಗಬೇಕಾಯಿತು. ಅದೇ ಹೊತ್ತಿಗೆ ಈ ಪ್ರಾರ್ಥನೆಯನ್ನು ಬೇರೆ ಬೇರೆ ದೇಶಗಳಲ್ಲಿ ಹಾಡತೊಡಗಿದರು, ನುಡಿಸತೊಡಗಿದರು.

ನೀವೂ ಅದರಿಂದಲೇ ಶುರು ಮಾಡಿ. ಫ್ಯಾನ್ ಆರಿಸಿ, ವಾಲ್ಯೂಮ್ ಜಾಸ್ತಿ ಮಾಡಬೇಡಿ. ಹಾಡು ಮುಗಿದ ಕೂಡಲೇ ಎದ್ದುಬಿಡಬೇಡಿ, ಇನ್ನೊಂದು ನಿಮಿಷ ಸುಮ್ನೆ ಕೂತಿರಿ.