ದೊಡ್ಡವ್ವನ ಬೀಸುವ ಪದಗಳು: ನಾಲ್ಕನೆಯ ತಿಂಗಳ ಟಿಪ್ಪಣಿ

ಕುಷ್ಟಗಿ ತಾಲ್ಲೂಕಿನ ನಮ್ಮ ಊರಿನಲ್ಲಿ ದೊಡ್ಡವ್ವ ಹಾಡುವ ಪದಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡುವ ಕೆಲಸ ಈ ತಿಂಗಳಿಗೆ 41 ಪದಗಳವರೆಗೆ ಬಂದಿದೆ.

ಮೊದಲ ತಿಂಗಳು ಅವಳನ್ನು ಕಟ್ಟೆಯ ಮೇಲೆ ಕೂಡಿಸಿ ಹಾಡಿಸಲು ಹೋದಾಗ ಎರಡು ಸಾಲಿಗೇ ನಿಂತುಬಿಡುತ್ತಿದ್ದಳು. "ಕೈ ತಿರಗಲಿಲ್ಲಂದ್ರ ಬಾಯಿಗೆ ಪದಾ ಎಲ್ಲಿಂದ ಬರಬೇಕವ್ವಾ?" ಎಂದು ಅವಳೇ ಹೇಳಿದ ಮೇಲೆ, ಹಿತ್ತಲಲ್ಲಿ ಬಿದ್ದಿದ್ದ ಬೀಸುಕಲ್ಲನ್ನು ತೊಳೆದು, ಸವೆದ ಮುಖಕ್ಕೆ ಉಳಿಯಿಂದ ಕಚ್ಚು ಹಾಕಿಸಿ, ಹೊಸ ಗೂಟ ಬಡಿಸಿ ಒಳಗೆ ತಂದೆವು. ಕಲ್ಲಿನ ಗುರುಗುರು ಸದ್ದು ದನಿಯನ್ನು ನುಂಗುತ್ತಿತ್ತು. ಕಲ್ಲಿನ ಅಡಿಗೆ ಕೌದಿ ಮಡಚಿ ಹಾಸಿ, ಮೊಬೈಲನ್ನು ನೆಲದಿಂದೆತ್ತಿ ಗೋಡೆಯ ಗೂಡಿನಲ್ಲಿಟ್ಟ ಮೇಲೆ ಈಗ ಮಾತು ಬಿಡಿಬಿಡಿಯಾಗಿ ಕೇಳಿಸುತ್ತದೆ.

ಬಲಗೈ ಗೂಟ ಹಿಡಿದು ತಿರುಗಿಸುತ್ತಿರುವಾಗಲೇ ಅವಳ ಎಡಗೈ ಮೊರದಲ್ಲಿನ ಸಜ್ಜೆಯನ್ನು ಹಿಡಿಹಿಡಿಯಾಗಿ ಕಲ್ಲಿನ ಬಾಯಿಗೆ ಸುರಿಯುತ್ತದೆ. ಆ ಹೊತ್ತಿಗೆ ಎರಡನೆಯ ಸಾಲು ಮುಗಿದಿರುತ್ತದೆ. ಅದನ್ನೇ ಎಳೆದು ಮತ್ತೊಮ್ಮೆ ಹಾಡಿ, ಕಾಳು ಕಲ್ಲಿಗೆ ಸಿಕ್ಕಿದ ಮೇಲೆ ಮೂರನೆಯ ಸಾಲು ಹಿಡಿಯುತ್ತಾಳೆ. ಬಾದಾಮಿಯಲ್ಲಿ ಸುಮಾರು 700ರ ಕಪ್ಪೆ ಅರಭಟ್ಟನ ಶಾಸನದಲ್ಲಿರುವ ತ್ರಿಪದಿಯನ್ನು ನಾನು ಪಠ್ಯಪುಸ್ತಕದಲ್ಲಿ ಗಣ ಎಣಿಸುತ್ತ ಕಲಿತವಳು. ಓದು ಬರಹವಿಲ್ಲದ ದೊಡ್ಡವ್ವನಿಗೆ ಅದೇ ಮಟ್ಟು ತೋಳಿನಲ್ಲಿ ಕೂತಿದೆ.

1972ರ ಬರದಲ್ಲಿ ಕಲ್ಲು ಒಡೆಯುವ ಕೂಲಿಗೆ ಹೋದದ್ದನ್ನಾಗಲಿ, ದೊಡ್ಡಪ್ಪ ತೀರಿಕೊಂಡ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ಗಂಗಾವತಿ ಕಡೆಗೆ, ತುಂಗಭದ್ರಾ ಕಾಲುವೆಯ ಗದ್ದೆಗಳಲ್ಲಿ ಭತ್ತ ಹಚ್ಚಲು ಹೋದದ್ದನ್ನಾಗಲಿ ಅವಳು ಮಾತಿನಲ್ಲಿ ಎಂದೂ ಹೇಳಿದವಳಲ್ಲ. ಅವೆಲ್ಲ ಪದಗಳಲ್ಲಿಯೇ ಬರುತ್ತವೆ. ಹೊಲದ ಬದುವಿನ ಬೇವಿನ ಮರವನ್ನು ತವರಿನ ಅಕ್ಕನೆಂದು ಕರೆದು, ನಿನ್ನ ನೆರಳಲ್ಲಿ ತೊಟ್ಟಿಲು ಕಟ್ಟಿದೆ, ನೀನು ತೂಗು, ನಾನು ಸಾಲು ಮುಗಿಸಿ ಬರುತ್ತೇನೆ ಎಂದು ಒಪ್ಪಿಸುವ ಒಂದು ಪದವಿದೆ. ಅದನ್ನು ಬರೆದುಕೊಳ್ಳುವಾಗ ನಾನು ಎರಡು ಸಲ ಪೆನ್ನು ಕೆಳಗಿಟ್ಟೆ.

ಈ ತಿಂಗಳು ಒಂದು ನಷ್ಟವೂ ಆಯಿತು. ಮೊಬೈಲ್ ಕೆಟ್ಟು ಆರು ಪದಗಳು ಅಳಿಸಿಹೋದವು. ಮತ್ತೆ ಹಾಡಿಸಿದಾಗ ನಾಲ್ಕರಲ್ಲಿ ಮಾತುಗಳೇ ಬೇರೆಯಾಗಿದ್ದವು. ಹೋದ ಸಲ ಹೀಗಿರಲಿಲ್ಲವಲ್ಲ ಎಂದು ಕೇಳಿದರೆ, "ಅವತ್ತ ನಮ್ಮವ್ವ ನೆನಪಾಗಿದ್ಲು, ಇವತ್ತ ಮಳಿ ನೆನಪಾತು" ಎಂದಳು. ಮೊದಲಿನ ಪಾಠಗಳು ಪುಣ್ಯಕ್ಕೆ ನೋಟ್‌ಬುಕ್ಕಿನಲ್ಲಿ ಉಳಿದಿದ್ದವು. ಸರಿಯಾದ ಪಾಠವೊಂದನ್ನು ಆರಿಸಬೇಕೆಂಬ ಯೋಚನೆಯನ್ನು ಅಂದೇ ಬಿಟ್ಟೆ; ಈಗ ಪ್ರತಿ ಪದಕ್ಕೂ ಎದುರಿನ ಪುಟವನ್ನು ಖಾಲಿ ಬಿಟ್ಟು, ಹಾಡಿದ ದಿನವನ್ನೂ ಅಂದಿನ ಕೆಲಸವನ್ನೂ ಮೇಲೆ ಬರೆಯುತ್ತಿದ್ದೇನೆ. ಧ್ವನಿಯನ್ನು ಅದೇ ಸಂಜೆ ತಮ್ಮನ ಕಂಪ್ಯೂಟರಿಗೂ ಹಾಕಿಡುತ್ತೇನೆ.

ಮುಂದಿನ ವಾರ ಹಿಂಗಾರಿ ಜೋಳದ ಹೊಲದಲ್ಲಿ ಕಸ ತೆಗೆಯುವಾಗಿನ ಪದಗಳು. ಮೊಬೈಲನ್ನು ಸಂಚಿಯಲ್ಲಿಟ್ಟು ಅವಳ ಸೊಂಟಕ್ಕೆ ಕಟ್ಟುವುದೋ, ಪಕ್ಕದ ಸಾಲಿನಲ್ಲಿ ನಾನೇ ಕುರ್ಪಿ ಹಿಡಿದು ಕೂಡುವುದೋ ಎಂದು ಕೇಳಿದ್ದೆ. ಅವಳು ನನಗಾಗಿ ಒಂದು ಕುರ್ಪಿಯನ್ನು ಹಣಿಸಿ ತರಿಸಿದ್ದಾಳೆ.