ಸಣ್ಣ ವಿಮಾನ ನಿಲ್ದಾಣದ ಪ್ರಯಾಣಿಕರ ಲೆಕ್ಕ ಓದುವ ಬಗೆ

ದಿನಕ್ಕೆ ಒಂದೆರಡು ವಿಮಾನ ಬಂದುಹೋಗುವ ನಿಲ್ದಾಣದಲ್ಲಿ ಪ್ರಯಾಣಿಕರು ಶೇ 40ರಷ್ಟು ಹೆಚ್ಚಿದ್ದಾರೆ ಎಂದರೆ ಮೊದಲು ತೆರೆಯಬೇಕಾದ್ದು ವೇಳಾಪಟ್ಟಿ. ವಾರಕ್ಕೆ 7 ಇದ್ದ ಹಾರಾಟ 10 ಆದರೆ ಸೀಟುಗಳೇ ಶೇ 43ರಷ್ಟು ಜಾಸ್ತಿಯಾಗುತ್ತವೆ. ದೊಡ್ಡ ನಿಲ್ದಾಣದಲ್ಲಿ ಸಂಖ್ಯೆ ನಿಧಾನವಾಗಿ ಏರಿಳಿಯುತ್ತದೆ. ಇಲ್ಲಿ ಹಾಗಲ್ಲ, ಒಂದು ಹಾರಾಟ ಸೇರಿದರೆ ಜಿಗಿಯುತ್ತದೆ, ಒಂದು ನಿಂತರೆ ದೊಪ್ಪನೆ ಬೀಳುತ್ತದೆ.

72 ಸೀಟಿನ ಎಟಿಆರ್ 72 ಎಂಬ ಪ್ರೊಪೆಲ್ಲರ್ ವಿಮಾನ ದಿನಕ್ಕೊಮ್ಮೆ ಬಂದು ಹೋಗುತ್ತದೆ ಎಂದುಕೊಳ್ಳಿ. ಎರಡೂ ಕಡೆ ಸೇರಿ ವರ್ಷಕ್ಕೆ 52,560 ಸೀಟು. ಶೇ 70 ತುಂಬಿದರೆ ಸುಮಾರು 36,800 ಪ್ರಯಾಣಿಕರು. ಹತ್ತರಲ್ಲೊಂದು ಹಾರಾಟ ರದ್ದಾದರೆ 33,100. ಬಂದವರನ್ನೂ ಹೋದವರನ್ನೂ ಕೂಡಿಸುವುದು ನಿಲ್ದಾಣಗಳ ರೂಢಿ. ಹಾಗಾಗಿ ಹೋಗಿ ವಾಪಸು ಬಂದ ಒಬ್ಬರೇ ಎರಡು ಸಲ ಎಣಿಕೆಗೆ ಸಿಗುತ್ತಾರೆ. ಇದನ್ನು ಮರೆತು 36,800 ಜನ ವಿಮಾನ ಹತ್ತಿದರು ಎಂದು ಬರೆಯುವವರೇ ಹೆಚ್ಚು.

ವರ್ಷದ ಮೊತ್ತಕ್ಕಿಂತ ದಟ್ಟಣೆಯ ಗಂಟೆ, ಅಂದರೆ ಜನ ಅತಿ ಹೆಚ್ಚು ಸೇರುವ ಗಂಟೆ, ನನಗೆ ಮುಖ್ಯ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಬಳಸಿದ ಒಂದು ಅಂದಾಜಿನಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕಿಂತ ಕಡಿಮೆ ಪ್ರಯಾಣಿಕರಿದ್ದರೆ ದಟ್ಟಣೆಯ ಗಂಟೆಯ ಪಾಲು ವರ್ಷದ ಮೊತ್ತದ ಶೇ 0.20; ಹತ್ತು ಲಕ್ಷದಿಂದ ಒಂದು ಕೋಟಿಯವರೆಗೆ ಶೇ 0.05. ಅಂದರೆ 80,000 ಜನರ ನಿಲ್ದಾಣಕ್ಕೆ ಗಂಟೆಗೆ 160, ಹತ್ತು ಲಕ್ಷದ ನಿಲ್ದಾಣಕ್ಕೆ 500. ಪ್ರಯಾಣಿಕರು ಹನ್ನೆರಡೂವರೆ ಪಟ್ಟು ಹೆಚ್ಚಿದರೂ ಗಂಟೆಯ ಒತ್ತಡ ಮೂರು ಪಟ್ಟಿಗೆ ಸ್ವಲ್ಪ ಮೇಲೆ, ಅಷ್ಟೆ. ದಿನವಿಡೀ ಖಾಲಿ ಬಿದ್ದಿರುವ ಹಾಲ್‌ನಲ್ಲಿ, ಒಂದು ವಿಮಾನ ತಡವಾಗಿ ಇನ್ನೊಂದರ ಜೊತೆ ಬಂದಿಳಿದ ದಿನ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿ ಇಕ್ಕಟ್ಟಾಗುವುದು ಕುರ್ಚಿಗಳಿಗಲ್ಲ, ಒಂದೇ ಒಂದು ಎಕ್ಸ್‌ರೇ ಯಂತ್ರಕ್ಕೆ.

ವಿಮಾನ ನೆಲದ ಮೇಲಿರುವ ಅರ್ಧ ಗಂಟೆಯನ್ನು ಹತ್ತಿರದಿಂದ ನೋಡಬೇಕು. ಎಟಿಆರ್‌ನಲ್ಲಿ ಪ್ರಯಾಣಿಕರ ಬಾಗಿಲು ಹಿಂಬದಿಯಲ್ಲಿ, ಲಗೇಜಿನ ದೊಡ್ಡ ಬಾಗಿಲು ಮುಂದೆ. ಜನರೆಲ್ಲ ಹಿಂದಿನಿಂದ ಹತ್ತುವಾಗ ಬಾಲದ ಕಡೆ ಭಾರ ಹೆಚ್ಚಿ ಮೂಗು ಮೇಲೇಳದಂತೆ ಬಾಲದ ಕೆಳಗೆ ಒಂದು ಊರೆಗಂಬ ಕೊಡುತ್ತಾರೆ. ಹೊರಡುವ ಮುನ್ನ ಅದನ್ನು ತೆಗೆದದ್ದು ಖಚಿತವಾಗಬೇಕು. ನೆಲದ ಮೇಲಿದ್ದಾಗ ವಿದ್ಯುತ್ ಕೊಡುವ ಎಪಿಯು ಎಂಬ ಪ್ರತ್ಯೇಕ ಪುಟ್ಟ ಎಂಜಿನ್ ಎಟಿಆರ್‌ಗೆ ಇಲ್ಲ. ಬದಲಿಗೆ ಬಲಗಡೆಯ ಎಂಜಿನ್ ಓಡಿಸುತ್ತಲೇ ಅದರ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ, ಅದರಿಂದಲೇ ವಿದ್ಯುತ್ ಮತ್ತು ತಂಪುಗಾಳಿ ಪಡೆಯುತ್ತಾರೆ. ಹೊರಗಿನ ವಿದ್ಯುತ್ ಗಾಡಿ ಇಲ್ಲದ ನಿಲ್ದಾಣಕ್ಕೆ ಇದು ದೊಡ್ಡ ಅನುಕೂಲ.

ಹಾರಾಟ ರದ್ದಾಗಲು ಕಾರಣಗಳು ಹಲವು. ಮೊದಲನೆಯದು ಮಂಜು, ತಗ್ಗಿನ ಮೋಡ. ರೇಡಿಯೋ ಸಂಕೇತದಿಂದ ವಿಮಾನವನ್ನು ರನ್‌ವೇಗೆ ಇಳಿಸಲು ದಾರಿ ತೋರುವ ಐಎಲ್‌ಎಸ್ ವ್ಯವಸ್ಥೆ, ಒಂದನೇ ವರ್ಗದ್ದು ಇದ್ದರೆ 200 ಅಡಿವರೆಗೆ ಇಳಿದು ರನ್‌ವೇ ಕಾಣುತ್ತದೆಯೇ ಎಂದು ನೋಡಬಹುದು, 550 ಮೀಟರ್ ರನ್‌ವೇ ಗೋಚರತೆ ಸಾಕು. ಅದಿಲ್ಲದ ಕಡೆ ಸಾಮಾನ್ಯವಾಗಿ ಇನ್ನೂ ಮೇಲಿನಿಂದಲೇ ನಿರ್ಧರಿಸಬೇಕು. ಅದೇ ಬೆಳಗ್ಗೆ ದೊಡ್ಡ ನಿಲ್ದಾಣದಲ್ಲಿ ಇಳಿಯುವ ವಿಮಾನ ಇಲ್ಲಿಂದ ವಾಪಸಾಗುತ್ತದೆ. ಇನ್ನು ನಿಲ್ದಾಣ ತೆರೆದಿರುವ ಅವಧಿ. ಸಂಜೆ ಬಾಗಿಲು ಹಾಕುವಲ್ಲಿ ಕೊನೆಯ ವಿಮಾನ ಎರಡು ಗಂಟೆ ತಡವಾದರೆ ರದ್ದಾದಂತೆಯೇ. ಬಿಸಿಲೂ ಲೆಕ್ಕಕ್ಕಿದೆ: ಬಿಸಿಗೆ ಗಾಳಿ ತೆಳುವಾದಷ್ಟೂ ಮೇಲೇರುವ ಮುಂಚಿನ ಓಟ ಉದ್ದವಾಗುತ್ತದೆ, ರನ್‌ವೇ ಚಿಕ್ಕದಿದ್ದರೆ ಭಾರ ಇಳಿಸಬೇಕು. ಆಗ ಸೀಟು ಖಾಲಿ ಹೋದರೂ ಟಿಕೆಟ್‌ಗೆ ಬೇಡಿಕೆ ಇರಲಿಲ್ಲವೆಂದು ಅರ್ಥವಲ್ಲ.

ದೊಡ್ಡ ವಿಮಾನ ತರಿಸಿ ಎನ್ನುವ ಒತ್ತಾಯಕ್ಕೂ ಒಂದು ಮಾತು. ನಿಲ್ದಾಣದಲ್ಲಿ ಎಷ್ಟು ಅಗ್ನಿಶಾಮಕ ವ್ಯವಸ್ಥೆ ಇರಬೇಕೆಂದು ಹೇಳುವ ಅಗ್ನಿಶಾಮಕ ವರ್ಗ ನಿರ್ಧಾರವಾಗುವುದು ವಿಮಾನದ ಉದ್ದ, ಒಡಲಿನ ಅಗಲದ ಮೇಲೆ. 27 ಮೀಟರಿನ ಎಟಿಆರ್ 72 ಐದನೇ ವರ್ಗ, 37.6 ಮೀಟರಿನ ಎ320 ಜೆಟ್ ವಿಮಾನ ಆರನೇ ವರ್ಗ. ವರ್ಗ ಏರಿದರೆ ನೀರು, ನೊರೆ, ಸಿಬ್ಬಂದಿ ಎಲ್ಲವೂ ಏರಬೇಕು. ಅಂಥ ಹಾರಾಟ ತೀರಾ ಕಡಿಮೆಯಿದ್ದರೆ ಒಂದು ವರ್ಗದ ರಿಯಾಯಿತಿಗೆ ಅಂತರರಾಷ್ಟ್ರೀಯ ನಿಯಮದಲ್ಲಿ ಅವಕಾಶವಿದೆ. ನನ್ನ ಮಟ್ಟಿಗೆ, 180 ಸೀಟಿನ ವಿಮಾನ ವಾರಕ್ಕೆ ಮೂರು ದಿನ ಬರುವುದಕ್ಕಿಂತ 72 ಸೀಟಿನದು ಬೆಳಗ್ಗೆ ಹೋಗಿ ಸಂಜೆ ಬಂದರೆ ಊರಿಗೆ ಹೆಚ್ಚು ಉಪಯೋಗ. ಕೆಲಸದ ಮೇಲೆ ಹೋಗುವವರಿಗೆ ಅದೇ ದಿನ ವಾಪಸಾಗಬೇಕಿರುತ್ತದೆ. ಆದರೆ ಅದಕ್ಕೆ ವಿಮಾನ ರಾತ್ರಿ ಇಲ್ಲೇ ತಂಗಬೇಕಾಗಬಹುದು, ಅಂದರೆ ನಿಲ್ಲಿಸಲು ಜಾಗ, ಕಾವಲು, ಎಂಜಿನಿಯರ್, ಪೈಲಟ್‌ಗಳಿಗೆ ವಸತಿ.

ನಿಮ್ಮೂರಿನ ನಿಲ್ದಾಣದ ಅಂಕಿ ಕೇಳುವಾಗ ತಿಂಗಳುವಾರು ನಾಲ್ಕನ್ನು ಒಟ್ಟಿಗೆ ಕೇಳಿ: ನಿಗದಿಯಾದ ಹಾರಾಟ, ನಿಜಕ್ಕೂ ಹಾರಿದ್ದು, ಸೀಟು, ಬಂದವರು ಮತ್ತು ಹೋದವರು ಬೇರೆ ಬೇರೆಯಾಗಿ. ನಿಗದಿಗೂ ಹಾರಿದ್ದಕ್ಕೂ ಅಂತರ ದೊಡ್ಡದಿದ್ದರೆ ಜನ ನಂಬಿಕೆ ಬಿಟ್ಟು ರೈಲು ಹಿಡಿಯುತ್ತಾರೆ, ಮುಂದಿನ ತಿಂಗಳುಗಳ ಸೀಟು ಖಾಲಿಯಾಗುವುದು ಅಲ್ಲಿಂದಲೇ ಶುರು.