ಹದಿನಾಲ್ಕನೆಯ ನಂಬರಿನ ಇಲಿ

ಇಲಿಯನ್ನು ಓಡಿಸುವ ವಿದ್ಯೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪೊರಕೆ ಹಿಡಿದರೆ ಆಯಿತು. ಇಲಿ ತಾನಾಗಿ ಓಡುವವರೆಗೆ ಕಾಯುವುದನ್ನು ಮಾತ್ರ ನಾನು ಪ್ರಯೋಗಾಲಯದಲ್ಲಿ ಕಲಿಯಬೇಕಾಯಿತು.

ಮೊದಲ ವರ್ಷವೆಲ್ಲ ಅರಿವಳಿಕೆ ಕೊಟ್ಟೇ ಮಿದುಳಿನ ಚಿತ್ರ ತೆಗೆದೆ. ಮೂತಿಗೆ ಪ್ರಜ್ಞೆ ತಪ್ಪಿಸುವ ಐಸೋಫ್ಲುರೇನ್, ಮೈ ತಣ್ಣಗಾಗದಂತೆ ಕೆಳಗೆ ಬೆಚ್ಚನೆಯ ಹಾಸು. ಇಲಿ ಅಲುಗಾಡದು, ಚಿತ್ರ ಚೊಕ್ಕ. ಆದರೆ ಓಡುತ್ತಿರುವ ಇಲಿಯ ದೃಷ್ಟಿ ಕಾರ್ಟೆಕ್ಸಿನಲ್ಲಿ, ಅಂದರೆ ನೋಟವನ್ನು ನಿಭಾಯಿಸುವ ಮಿದುಳಿನ ಹೊರಪದರದಲ್ಲಿ, ಪರದೆಯ ಮೇಲೆ ಅದೇ ಗೆರೆಗಳನ್ನು ತೋರಿಸಿದರೂ, ನರಕೋಶಗಳ ಸ್ಪಂದನ ನಿಂತಿರುವಾಗಿನದಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗಿ ಏರುತ್ತದೆಂದು ವಿಜ್ಞಾನಿಗಳಾದ ನೀಲ್ ಮತ್ತು ಸ್ಟ್ರೈಕರ್ 2010ರಲ್ಲೇ ತೋರಿಸಿದ್ದರು. ಮಲಗಿದ ಇಲಿಯಲ್ಲಿ ಅದನ್ನು ಹುಡುಕುವುದು ಹೇಗೆ?

ಹಾಗಾಗಿ ಎಚ್ಚರದ ಇಲಿ. ಎರಡು ವಾರ ದಿನವೂ ಅದನ್ನು ಅಂಗೈಮೇಲೆ ಬಿಟ್ಟುಕೊಂಡು, ಮಂದ ಹಾಲಿನ ಹನಿ ಕೊಟ್ಟು ಪರಿಚಯ ಮಾಡಿಕೊಂಡೆ. ತಲೆಬುರುಡೆಗೆ ದಂತವೈದ್ಯರ ಸಿಮೆಂಟಿನಿಂದ ಲೋಹದ ಪಟ್ಟಿ ಅಂಟಿಸಿದ್ದು ಅದಕ್ಕೂ ಮೊದಲು, ಅರಿವಳಿಕೆಯಲ್ಲೇ. ಪಟ್ಟಿಯನ್ನು ಸ್ಟ್ಯಾಂಡಿಗೆ ಬಿಗಿದರೆ ತಲೆ ಕದಲದು. ಕಾಲ ಕೆಳಗೆ ಗಾಳಿಯ ಮೇಲೆ ತೇಲುವ ಥರ್ಮೋಕೋಲ್ ಚೆಂಡು.

ಮೊದಲ ಸಲ ಅದನ್ನು ಚೆಂಡಿನ ಮೇಲೆ ನಿಲ್ಲಿಸುವ ಹಿಂದಿನ ರಾತ್ರಿ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದ್ದೆ. ಅಮ್ಮ ಕೇಳಿದರು: "ತಲೆಯನ್ನೇ ಕಟ್ಟಿಹಾಕಿದ ಮೇಲೆ ಕಾಲು ಬಿಟ್ಟು ಏನು ಪ್ರಯೋಜನವೇ?" ಊಟವಾಯಿತೇ ಎಂದು ಮಾತು ಮರೆಸಿದೆ.

ಬೆಳಕಿನ ಒಂದು ಕಣ ನುಸುಳಿದರೂ ಚಿತ್ರ ಕೆಡುತ್ತದೆಂದು ಕೋಣೆ ಕತ್ತಲೆ. ಗಾಳಿಯ ಸುಂಯ್ ಸದ್ದು. ಮೊದಲ ಹತ್ತು ನಿಮಿಷದಲ್ಲಿ ಹದಿನಾಲ್ಕನೆಯದು ಮಾಡಿದ್ದು ಒಂದೇ ಕೆಲಸ: ಬಿಳಿ ಚೆಂಡಿನ ಮೇಲೆ ನಾಲ್ಕು ಹಿಕ್ಕೆ. ಬೆನ್ನು ಗೂನಾಗಿಸಿ, ಮೀಸೆಯನ್ನೂ ಆಡಿಸದೆ ನಿಂತಿತ್ತು. ಅವಕೆಂಪು ಕ್ಯಾಮೆರಾದಲ್ಲಿ ಅದರ ಕಣ್ಣುಪಾಪೆ ದೊಡ್ಡದಾಗಿ ಕಾಣುತ್ತಿತ್ತು. ಹೆದರಿದ ಮಿದುಳನ್ನು ಅಳೆದು ಅದನ್ನೇ ಸಹಜವೆಂದು ಬರೆದುಕೊಳ್ಳುವವರ ಪೈಕಿ ನಾನೂ ಒಬ್ಬಳಾಗುವೆನೇನೋ ಎನಿಸಿತು. ಬಿಚ್ಚಿ ವಾಪಸ್ ಪಂಜರಕ್ಕೆ ಬಿಟ್ಟೆ.

ಹೀಗೆ ಐದು ದಿನ, ದಿನಕ್ಕಿಷ್ಟು ಹೊತ್ತು ಹೆಚ್ಚಿಸುತ್ತ. ಆರನೆಯ ದಿನ ಅದು ಮೀಸೆ ಆಡಿಸಿತು, ಮುಂಗಾಲು ಒರೆಸಿಕೊಂಡಿತು, ಹನಿ ಹಾಲು ನೆಕ್ಕಿತು. ಆಮೇಲೆ, ನಾನು ಆಕಳಿಸುತ್ತಿದ್ದಾಗ, ಚೆಂಡು ಗಿರ್ರನೆ ತಿರುಗಿತು. ಪರದೆಯ ಮೇಲೆ ಚಿತ್ರ ಒಮ್ಮೆ ನಡುಗಿತು. ಮರುಕ್ಷಣ, ಮಂಕಾಗಿದ್ದ ಕೋಶಗಳು ಒಂದೊಂದಾಗಿ ಬೆಳಗತೊಡಗಿದವು, ದೀಪಾವಳಿಯ ಸಂಜೆ ಎದುರುಮನೆಯ ಜಗಲಿಯಲ್ಲಿ ಹಣತೆ ಹಚ್ಚುತ್ತ ಹೋದಂತೆ. ಓಟ ನಿಂತಿತು, ಮಂಕಾದವು. ಮತ್ತೆ ಓಡಿತು, ಮತ್ತೆ ಬೆಳಗಿದವು.

ನಲವತ್ತು ನಿಮಿಷಕ್ಕೆ ನಿಲ್ಲಿಸಿದೆ. ಮರುದಿನ ಪಂಜರದ ಮುಚ್ಚಳ ತೆಗೆದಾಗ ಅದು ತಾನೇ ಅಂಗೈ ಹತ್ತಿತು. ಹಾಲಿನ ಆಸೆಗೆ ಇದ್ದೀತು. ಅಮ್ಮನಿಗೆ ಫೋನ್ ಮಾಡಿ ಇಷ್ಟನ್ನು ಮಾತ್ರ ಹೇಳಿದೆ.